ಎಲ್ಲೆ ಕಟ್ಟಿದ ಊರಿಗೆ ಬಂದ ಪೆಟ್ಟಿಗೆ

ಮಧುಗಿರಿ
ತಾ. 13-3-1942, ಶುಕ್ರವಾರ

ಪ್ರೀತಿಯ ತಮ್ಮ ಮಲ್ಲಿಕಾರ್ಜುನನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ನಿನ್ನ ಮೈ ಹೇಗಿದೆ? ಲಾಹೋರಿನಲ್ಲಿ ಹತ್ತಿಕೊಂಡ ಕೆಮ್ಮು ಕಲ್ಕತ್ತೆಯವರೆಗೂ ಜೊತೆಗೇ ಬಂತೆಂದು ಹೋದ ತಿಂಗಳು ನೀನು ಬರೆದಿದ್ದೆ. ರೈಲಿನಲ್ಲಿ ಕಿಟಕಿ ಪಕ್ಕ ಕೂರಬೇಡ ಎಂದರೆ ಕೇಳುವ ಜಾತಿಯಲ್ಲ ನೀನು. ದೇಶದ ದನಕ್ಕೆಲ್ಲ ಔಷಧ ಅರೆಯುವ ನಿನ್ನ ಪ್ರಯೋಗಶಾಲೆಯಲ್ಲಿ ಒಂದು ಲೋಟ ಮೆಣಸಿನ ಕಷಾಯ ಕಾಯಿಸಿಕೊಡುವವರು ಯಾರೂ ಇಲ್ಲವೇ? ಇಲ್ಲಿ ನಿನ್ನ ಭಾವನ ಜ್ವರ ಇಳಿದಿದೆ. ಬಲಗೈಯನ್ನು ಮೊಣಕೈಯ ಕೆಳಗೆ ತೆಗೆದದ್ದು ನಿನಗೆ ತಂತಿಯಿಂದಲೇ ತಿಳಿದಿರಬೇಕು. ಗಾಯ ಒಣಗುತ್ತಿದೆ. ಇಲ್ಲದ ಬೆರಳು ತುರಿಸುತ್ತದೆ ಎನ್ನುತ್ತಾರೆ, ನಾನು ಎಲ್ಲಿ ಕೆರೆಯಲಿ ಹೇಳು.

ನಿನ್ನ ಲಕೋಟೆ ನಿನ್ನೆ ಬಂತು. ಇಪ್ಪತ್ತೆರಡು ವರ್ಷದಿಂದ ದಿನಕ್ಕೊಂದು ಕಾರ್ಡು ಬರೆಯುವವನು ನೀನು. ವಿಲಾಯಿತಿಗೆ ಹೋಗುವಾಗ ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಲೂ ಬರೆದೆ. ಒಂದು ಲಕೋಟೆಯಾದರೂ ಹಾಕಬಾರದೇನೋ, ಬೀದಿಯವರೆಲ್ಲ ಓದುತ್ತಾರೆ ಎಂದು ನಾನು ಗೊಣಗಿದರೆ, ಮುಚ್ಚಿಡುವಂಥದ್ದು ನನ್ನ ಹತ್ತಿರ ಏನಿದೆಯಕ್ಕ ಎನ್ನುತ್ತಿದ್ದೆ. ಈಗ ಮೊದಲ ಸಲ ಅಂಟು ಹಚ್ಚಿ ಕಳಿಸಿದ್ದೀಯ. ಊರವರು ಹೇಳಿದಂತೆಯೇ ಇರಲಿ, ನೀನು ಬಾಯಿ ಬಿಡಬೇಡ, ಜಹೀರನಿಗೆ ಬೆಂಗಳೂರಿನಿಂದ ಒಳ್ಳೆಯ ವಕೀಲರನ್ನು ಗೊತ್ತುಮಾಡುತ್ತೇನೆ ಎಂದು ಬರೆದಿದ್ದೀಯ. ಹಾಗಾದರೆ ನಮ್ಮ ನಾಗಲಿಂಗಯ್ಯ ದೊಡ್ಡಪ್ಪ ನಿನಗೆ ನಿಜ ತಿಳಿಸಿದ್ದಾರೆ. ಕಾಡಸಿದ್ದಪ್ಪನನ್ನು ಹೊಡೆದು ಕೊಂದವಳು ನಾನು. ಅದಕ್ಕಾಗಿ ಲಾಕಪ್ಪಿನಲ್ಲಿ ಕೂತಿರುವವನು ಇಲ್ಲಿನ ದನದ ಆಸ್ಪತ್ರೆಯ ಕಾಂಪೌಂಡರ್, ಸಿರಾದ ಜಹೀರ್ ಅಹಮದ್. ಸೋಮವಾರ ತಾಲೂಕಿನ ಅಮಲ್ದಾರರ ಮುಂದೆ ನಾನು ಕಂಡದ್ದನ್ನು ಹೇಳಬೇಕು. ನಾನು ಸುಮ್ಮನಿದ್ದರೆ ಅವನ ಕೊರಳು, ಬಾಯಿ ಬಿಟ್ಟರೆ ನನ್ನದು. ದೊಡ್ಡಪ್ಪನ ಕಾಗದ ಓದಿ ನೀನು ಬುದ್ಧಿ ಹೇಳಿದ್ದೀಯ. ನಡೆದದ್ದನ್ನು ನನ್ನ ಕೈಯಿಂದಲೂ ಒಂದು ಸಲ ಓದು.

ನಮ್ಮ ಹುಟ್ಟೂರಿನಲ್ಲಿ ನಿನ್ನ ಕಾರ್ಡಿಗೆ ಇದ್ದ ಮರ್ಯಾದೆ ನಿನಗೆ ಗೊತ್ತಿಲ್ಲ. ದೊಡ್ಡಪ್ಪನ ಹೆಸರಿಗೆ ನೀನು ಬರೆದದ್ದನ್ನು ಟಪಾಲಿನ ಪರ್ವತಯ್ಯ ಚಾವಡಿಯಲ್ಲಿ ನಿಂತು ಓದಬೇಕು, ಊರೆಲ್ಲ ಕೂತು ಕೇಳಬೇಕು. ಎಲ್ಲರಿಗಿಂತ ಮುಂದೆ ಕಾಡಸಿದ್ದಪ್ಪ. ನಿನಗೆ ಕೆರೆಯಲ್ಲಿ ಈಜು ಕಲಿಸಿದವನೆಂಬ ಜಂಬ ಅವನಿಗೆ. ಪರ್ವತಯ್ಯ ಚೀಲ ಇಳಿಸುವ ಮೊದಲೇ, "ಇವತ್ತು ಯಾವೂರಾಗವ್ನಂತೆ ನಮ್ಮ ಡಾಕ್ಟ್ರು?" ಎಂದು ಕೇಳುತ್ತಿದ್ದನಂತೆ. ಪೂನಾ, ಲಾಹೋರು, ಕಲ್ಕತ್ತೆ ಎಲ್ಲವೂ ಅವನ ಬಾಯಲ್ಲಿ ಪಕ್ಕದೂರಿನ ಹೆಸರಿನಷ್ಟು ಸಲೀಸಾಗಿ ಬರುತ್ತಿದ್ದವು. ಅಂಥ ಜನಕ್ಕೆ ಫೆಬ್ರವರಿಯಲ್ಲಿ ನೀನು ಬರೆದ ಕಾರ್ಡು ಯಾವುದು, ನೆನಪು ಮಾಡಿಕೊ. ಪಾವಗಡದ ಕಡೆಯಿಂದ ಬಂದ ಮಂದೆಯಿಂದ ದೊಡ್ಡರೋಗ ಹತ್ತಿ, ಕಳ್ಳಂಬೆಳ್ಳದ ಸುತ್ತ ಎತ್ತು ಹಸುಗಳು ಬಾಯಲ್ಲಿ ಹುಣ್ಣೆದ್ದು, ರಕ್ತಭೇದಿಯಾಗಿ ಸಾಯುತ್ತಿದ್ದವು. ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಮೊದಲು ನಮ್ಮೂರಿನ ದನ ಉಳಿಯಲಿ ಎಂದು ನೀನು ಮಧುಗಿರಿಯ ದನದ ಆಸ್ಪತ್ರೆಗೆ ಪೆಟ್ಟಿಗೆಯಲ್ಲಿ ಮದ್ದು ಕಳಿಸಿದೆ. ಕಳಿಸಿದವನು ಸುಮ್ಮನಿರಬಾರದಿತ್ತೇ? "ಪೆಟ್ಟಿಗೆಯಲ್ಲಿರುವುದು ದೊಡ್ಡರೋಗವೇ. ಮೇಕೆಯಿಂದ ಮೇಕೆಗೆ ನೂರಾರು ಸಲ ದಾಟಿಸಿ ಅದರ ಕಸುವು ತೆಗೆದಿದ್ದೇನೆ. ಸೂಜಿ ಹಾಕಿದ ದನಕ್ಕೆ ನಾಲ್ಕು ದಿನ ಜ್ವರ ಬರುತ್ತದೆ, ಆಮೇಲೆ ರೋಗ ಮುಟ್ಟುವುದಿಲ್ಲ. ನಿಮಗೆ ತಿಳಿಸದೆ ಏನನ್ನೂ ಮಾಡಲಾರೆ" ಎಂದು ಬರೆದೆ. ಪರ್ವತಯ್ಯ ಅದನ್ನು ಎರಡು ಸಲ ಓದಿದನಂತೆ. ಮೊದಲ ಮಾತು ಕೇಳಿದ ಮೇಲೆ ಉಳಿದದ್ದು ಯಾರ ಕಿವಿಗೂ ಹೋಗಲಿಲ್ಲ.

ಇದು ಮಧುಗಿರಿಯಲ್ಲಿದ್ದ ನಮಗೆ ತಿಳಿದಿರಲಿಲ್ಲ. ಫೆಬ್ರವರಿ ಇಪ್ಪತ್ತನಾಲ್ಕು, ಮಂಗಳವಾರ, ನಿನ್ನ ಭಾವ ಗಾಡಿ ಕಟ್ಟಿದರು. ಜಹೀರ್ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ತವರಿನವರು ನನ್ನ ಮುಖ ನೋಡಿ ದನ ಹಿಡಿದು ನಿಲ್ಲಿಸುತ್ತಾರೆ ಎಂಬ ಧೈರ್ಯದಿಂದ ನಾನೂ ಹತ್ತಿದೆ. ಹೋಗಿ ನೋಡಿದರೆ ಊರಿಗೆ ಎಲ್ಲೆ ಕಟ್ಟಿದ್ದಾರೆ. ದಾರಿಗೆ ಅಡ್ಡವಾಗಿ ಬೇವಿನ ತೋರಣ, ನೆಲದ ಮೇಲೆ ಬೂದಿಯ ಗೆರೆ, ಆಚೆ ನಲವತ್ತು ಜನ ದೊಣ್ಣೆ, ಮಚ್ಚು, ಹಾರೆ ಹಿಡಿದು ನಿಂತಿದ್ದಾರೆ. ಪಕ್ಕದೂರಿನವರು ಮಾರಿಯನ್ನು ಮೊರದಲ್ಲಿಟ್ಟು ತಂದು ನಮ್ಮ ಗಡಿಯೊಳಗೆ ಬಿಟ್ಟು ಹೋಗದಂತೆ ಕಾಯುವುದನ್ನು ನೀನೂ ಚಿಕ್ಕಂದಿನಲ್ಲಿ ಕಂಡಿದ್ದೀಯ. ಅಪ್ಪನ ಹಣೆ ಸೀಳಿದ್ದು ಅಂಥ ಹೊಡೆದಾಟದಲ್ಲೇ. ಕಾಡಸಿದ್ದಪ್ಪ ಮುಂದೆ ಬಂದು ಕೈ ಮುಗಿದ. "ಅಕ್ಕಯ್ಯ, ನೀನು ಊರ ಮಗಳು, ಬಾ, ಉಂಡು ಹೋಗು. ಆ ಪೆಟ್ಗೆ ಮಾತ್ರ ಎಲ್ಲೆ ದಾಟಂಗಿಲ್ಲ ಕಣಮ್ಮ" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆಗಲೇ ಗಾಡಿ ತಿರುಗಿಸಿದ್ದರೆ ಎಲ್ಲರೂ ಇರುತ್ತಿದ್ದರು.

ನಿನ್ನ ಭಾವನಿಗೆ ನಿನ್ನ ಮೇಲೆ ಎಷ್ಟು ಅಭಿಮಾನವೋ ಅಷ್ಟೇ ಹಟ. ಬಿಚ್ಚಿ ತೋರಿಸುತ್ತೇನೆ, ಕಣ್ಣಾರೆ ನೋಡಿ ಎಂದು ಪೆಟ್ಟಿಗೆ ಎತ್ತಿಕೊಂಡು ತೋರಣದವರೆಗೆ ನಡೆದರು. ನೀನು ಹೊಟ್ಟಿನಲ್ಲಿ ಹುದುಗಿಸಿದ್ದ ಮಂಜುಗಡ್ಡೆ ಬಿಸಿಲಿಗೆ ಕರಗಿ ಅದರ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೂದಿಯ ಗೆರೆಯ ಮೇಲೆ ಎರಡು ಹನಿ ಬಿತ್ತು. ಯಾರೋ "ಸೋರ್ತಾ ಐತೆ ಕಣ್ಲಾ, ಸೋರ್ಬುಡ್ತು" ಎಂದು ಕೂಗಿದರು. ಅಷ್ಟೇ. ಮೊದಲ ಮಚ್ಚು ಪೆಟ್ಟಿಗೆಗೆ ಬಿತ್ತು, ಎರಡನೆಯದು ಅದನ್ನು ಹಿಡಿದಿದ್ದ ಕೈಗೆ. ಮುಂಗೈ ತೊಗಲಿನಲ್ಲಿ ನೇತಾಡಿತು. ಅವರು ಅದನ್ನೇ ನೋಡುತ್ತ ಮಂಡಿಯೂರಿ ಕೂತರು. ಜಹೀರ್ ಓಡಿಹೋಗಿ ತನ್ನ ಪೇಟ ಬಿಚ್ಚಿ ತೋಳಿಗೆ ಬಿಗಿಯತೊಡಗಿದ. ಅವನ ಬೆನ್ನಿಗೆ ದೊಣ್ಣೆಗಳು ಬೀಳುತ್ತಲೇ ಇದ್ದವು, ಅವನು ಗಂಟು ಬಿಡಲಿಲ್ಲ. ಅವನ ಮೂಗಿನಿಂದ, ಕಿವಿಯಿಂದ ರಕ್ತ ಸುರಿದು ನಿನ್ನ ಭಾವನ ಅಂಗಿಯ ಮೇಲೆ ಬೀಳುತ್ತಿತ್ತು. ಇನ್ನು ಕೆಲವರು ಗಾಡಿಗೆ ಮುತ್ತಿ ನಮ್ಮ ಎತ್ತುಗಳ ಕಾಲಿಗೆ ಹಾರೆಯಿಂದ ಹೊಡೆದರು. ದನ ಉಳಿಸುತ್ತೇವೆಂದು ನಿಂತವರು, ತಮ್ಮಾ. ಮೂಳೆ ಮುರಿದ ಎತ್ತು ಎದ್ದು ನಿಲ್ಲಲು ನೋಡಿ ನೋಡಿ ಬೀಳುವುದನ್ನು ನಾನು ಇನ್ನೂ ಕಣ್ಣು ಮುಚ್ಚಿದರೆ ಕಾಣುತ್ತೇನೆ.

ಕಾಡಸಿದ್ದಪ್ಪ ಜಹೀರನ ಹಿಂದೆ ಬಂದು ಹಾರೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದ. ನನ್ನ ಕೈಗೆ ಗಾಡಿಯ ಗೂಟ ಸಿಕ್ಕಿತ್ತು. ಒಂದು ಏಟು ಸಾಕಿತ್ತು, ಅಷ್ಟಕ್ಕೇ ಹಾರೆ ಅವನ ಕೈಬಿಟ್ಟು ಬಿದ್ದಿತ್ತು. ನಾನು ನಿಲ್ಲಿಸಲಿಲ್ಲ. ಅವನು ಬಿದ್ದ ಮೇಲೆ ಇನ್ನೆರಡು ಸಲ ತಲೆಗೇ ಹೊಡೆದೆ. ಮೂರನೆಯದಕ್ಕೆ ಮಡಕೆ ಒಡೆದಂಥ ಸದ್ದಾಯಿತು. ಇದನ್ನು ದೊಡ್ಡಪ್ಪ ನಿನಗೆ ಬರೆದಿರಲಾರರು, ಜಹೀರನನ್ನು ಉಳಿಸಲು ಹೊಡೆದಳು ಎಂದಷ್ಟೇ ಬರೆದಿರುತ್ತಾರೆ. ಮೊದಲ ಏಟು ಹಾಗೆ. ಉಳಿದೆರಡು ನನ್ನ ಸಿಟ್ಟು. ಆ ಹೊತ್ತಿಗೆ ಅವನು ಯಾರೆಂದೂ ನನಗೆ ಬೇಕಿರಲಿಲ್ಲ. ಕಣ್ಣು ಬಿಟ್ಟುಕೊಂಡು ನನ್ನನ್ನು ನೋಡುತ್ತ "ಅಕ್ಕಯ್ಯ" ಎಂದ. ಎಲ್ಲರ ಕೈಯ ದೊಣ್ಣೆಗಳೂ ಕೆಳಗಿಳಿದವು. ಮೂರು ದಿನ ಉಸಿರಾಡಿ ಹೋದನಂತೆ.

ಪೊಲೀಸರು ಬಂದು ಕೇಳಿದರೆ ನಲವತ್ತು ಬಾಯಿಯಿಂದ ಒಂದೇ ಉತ್ತರ ಬಂತು, ಸಿರಾದ ಸಾಬಿ ಹೊಡೆದ ಎಂದು. ಯಾರೂ ಕೂತು ಆಲೋಚಿಸಿ ಹೇಳಿದ್ದಲ್ಲ. ಊರ ಹೆಣ್ಣುಮಗಳನ್ನು ಜೈಲಿಗೆ ಕಳಿಸುವುದುಂಟೇ ಎಂದು ಕಾಡಸಿದ್ದಪ್ಪನ ತಾಯಿಯೇ ಮೊದಲು ಹೇಳಿದಳಂತೆ. ದೊಡ್ಡಪ್ಪ ಅದನ್ನು ನನಗೆ ಉಪಕಾರದ ಹಾಗೆ ಬಂದು ತಿಳಿಸಿದರು. ಆ ತಾಯಿಯ ಉಪಕಾರ ಹೊತ್ತುಕೊಂಡು ನಾನು ಹೇಗೆ ಅನ್ನ ತಿನ್ನಲಿ? ಮೊನ್ನೆ ಠಾಣೆಗೆ ಹೋಗಿ ಜಹೀರನನ್ನು ಕಂಡೆ. ಒಂದು ಕಿವಿ ಕೇಳುವುದಿಲ್ಲ, ಬೆನ್ನು ನೆಟ್ಟಗೆ ಮಾಡಲಾರ. ಅವನೂ ನನ್ನ ಹೆಸರು ಹೇಳಿಲ್ಲ. "ನನ್ ಮ್ಯಾಲೆ ಬೀಳೋ ಹಾರೆ ತಡೆದವರ ಹೆಸರು ನನ್ ಬಾಯಾಗೆ ಬರಾಕಿಲ್ಲ ಅಕ್ಕಾ, ಖುದಾ ನೋಡ್ಕಂತಾನೆ, ನೀವು ಮನೇಗೆ ಹೋಗಿ" ಎಂದ. ಹೊರಗೆ ಅವನ ಹೆಂಡತಿ ಕುಲ್ಸುಮ್ ಬುತ್ತಿ ಹಿಡಿದು ಕೂತಿದ್ದಳು. ನಾನು ಅವನನ್ನು ನೋಡಲು ಬಂದೆನೆಂದು ನನ್ನ ಕೈ ಹಿಡಿದು ಅತ್ತಳು. ಅವಳಿಗೂ ಗೊತ್ತಿಲ್ಲ.

ನಿನ್ನ ಭಾವ ದಿನವೂ ಹೇಳುತ್ತಾರೆ, ಕೈ ಹೋಯಿತು, ನೀನೂ ಹೋದರೆ ನಾನೇನು ಮಾಡಲಿ ಎಂದು. ಅವರು ಅಳುವುದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ನನಗೂ ಹೆದರಿಕೆ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ನೇಣಿನ ಹಗ್ಗ ನೆನೆದರೆ ಕುತ್ತಿಗೆಯ ಲಿಂಗದ ದಾರ ಕೂಡ ಬಿಗಿದಂತಾಗುತ್ತದೆ. ಆದರೆ ವಕೀಲರು ಜಹೀರನನ್ನು ಬಿಡಿಸುತ್ತಾರೆ ಎಂದು ಬರೆದೆಯಲ್ಲ, ನಲವತ್ತು ಸಾಕ್ಷಿಯ ಎದುರಿಗೆ ಯಾವ ವಕೀಲರು ಬಿಡಿಸುತ್ತಾರೆ? ನಿನ್ನ ಪ್ರಯೋಗಶಾಲೆಯಲ್ಲಿ ಹೀಗೆ ಒಂದರ ಬದಲು ಇನ್ನೊಂದನ್ನು ಬರೆದಿಟ್ಟರೆ ನೀನು ಒಪ್ಪುತ್ತೀಯ? ನಿನ್ನ ಕಾರ್ಡಿನಿಂದ ಇಷ್ಟೆಲ್ಲ ಆಯಿತೆಂದು ನಾನು ಬೈಯಬೇಕೆಂದುಕೊಂಡೇ ಕೂತೆ. ಬೈಯಲು ಆಗುತ್ತಿಲ್ಲ. ನೀನು ಇದ್ದದ್ದನ್ನು ಇದ್ದ ಹಾಗೆ ಬರೆದೆ, ಅದರಲ್ಲಿ ತಪ್ಪು ಹುಡುಕಲಾರೆ. ಈ ಲಕೋಟೆಯನ್ನು ಮಾತ್ರ ನೀನು ಬರೆಯಬಾರದಿತ್ತು. ಪ್ರೀತಿಯಿಂದ ಬರೆದಿದ್ದೀಯ, ಅದು ಗೊತ್ತು. ಅಕ್ಷರ ಅಲ್ಲಲ್ಲಿ ಕದಡಿತ್ತು.

ಮೈ ಕಡೆ ನೋಡಿಕೊ. ಕೆಮ್ಮು ನಿಲ್ಲುವವರೆಗೆ ತಣ್ಣೀರು ಸ್ನಾನ ಬೇಡ. ಬಸವಣ್ಣ ನಿನ್ನನ್ನು ಕಾಯಲಿ, ನಿನ್ನ ಕೆಲಸಕ್ಕೆ ಜಯವಾಗಲಿ. ನಿನ್ನ ಭಾವನೂ ಆಶೀರ್ವಾದ ತಿಳಿಸಿದ್ದಾರೆ.

ಇಂತು ನಿನ್ನ ಅಕ್ಕ,
ಸರ್ವಮಂಗಳಾ

ವಿ.ಸೂ.: ಶನಿವಾರ ಮಧ್ಯಾಹ್ನ. ನಿನ್ನೆ ಟಪಾಲು ತಪ್ಪಿತು, ಒಳ್ಳೆಯದೇ ಆಯಿತು. ಬೆಳಿಗ್ಗೆ ಅಮಲ್ದಾರರ ಬಳಿ ಹೋಗಿ ಮೂರು ಏಟನ್ನೂ ಹೇಳಿ, ಓದಿಸಿ ಕೇಳಿ, ರುಜು ಹಾಕಿ ಬಂದೆ. ನಿನ್ನ ಭಾವನಿಗೆ ಹೇಳಿಯೇ ಹೋದೆ, ಅವರು ಗೋಡೆ ಕಡೆಗೆ ತಿರುಗಿಕೊಂಡರು. ಅಲ್ಲಿಯವರೆಗೆ ಮನೆಯಲ್ಲಿರಲು ಬಿಟ್ಟು ಬಾಗಿಲಿಗೆ ಪೇದೆಯನ್ನು ಕಾವಲಿಟ್ಟಿದ್ದಾರೆ, ಸೋಮವಾರ ನನ್ನನ್ನು ತುಮಕೂರಿನ ಜೈಲಿಗೆ ಕರೆದೊಯ್ಯುತ್ತಾರೆ. ಜಹೀರನನ್ನು ಆಮೇಲೆ ಬಿಡುತ್ತಾರಂತೆ. ನಿನ್ನ ಭಾವನಿಗೆ ಎಡಗೈಯಲ್ಲಿ ಉಣ್ಣಲು ಇನ್ನೂ ಬಾರದು, ಬೇರೆಯವರ ಕೈತುತ್ತಿಗೆ ನಾಚಿಕೊಂಡು ಹಸಿವಿಲ್ಲ ಎನ್ನುತ್ತಾರೆ. ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ನಾಲ್ಕು ದಿನ ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ಅವಳ ಮುಂದೆ ಉಣ್ಣಲಾರರು, ನಿನ್ನ ಕೈಯಿಂದಾದರೆ ಉಣ್ಣುತ್ತಾರೆ. ಕಾರ್ಡೂ ಬೇಡ, ಲಕೋಟೆಯೂ ಬೇಡ, ಬಂದುಬಿಡು.