ನೀವು ಬೇಡವೆಂದ ಹಲಗೆ

ಮನೆ, ಹೊಲಿಗೆಯ ಮೇಜು
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಮೊದಲು ನಿಮ್ಮ ಕಿವಿಯ ಸಮಾಚಾರ ಬರೆಯಿರಿ. ಎಂಜಿನ್ ಕೋಣೆಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ‘ನಮಗೇನಾಗತ್ತೆ’ ಎಂದು ಎಂದಿನಂತೆ ಬರಿಗಿವಿಯಲ್ಲೇ ಇಳಿಯುತ್ತಿದ್ದೀರೋ? ಹಡಗಿನ ಎಂಜಿನ್ ರಿಪೇರಿ ಮಾಡುವವರಿಗೆ ಮೊಣಕಾಲು ಹಿಡಿದರೆ ಎಣ್ಣೆ ಹಚ್ಚಿ ತಿಕ್ಕಬಹುದು, ಕಿವಿ ಹೋದರೆ ತಿಕ್ಕುವುದೇನನ್ನು? ನಿಮ್ಮ ಕಿವಿ ನನಗೆ ಬೇಕು, ಯಾಕೆಂದು ಆಮೇಲೆ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಬಗ್ಗಿ ಬಗ್ಗಿ ಪರದೆ ಹೊಲಿಯುವವಳಿಗೆ ಕತ್ತುನೋವು ಇದ್ದದ್ದೇ, ಅದನ್ನು ಸುದ್ದಿ ಎಂದು ಬರೆಯುವ ಹಾಗಿಲ್ಲ. ಮಹಡಿ ಮೇಲಿನ ನಿಮ್ಮ ಅಕ್ಕನೂ ಚೆನ್ನಾಗಿದ್ದಾರೆ, ನನ್ನ ಮೇಲೆ ನಿಮಗೆ ದೂರು ಬರೆಯುವಷ್ಟು ಚೆನ್ನಾಗಿದ್ದಾರೆ. ಅವರ ಕಾಗದ ನನ್ನದಕ್ಕಿಂತ ಮೊದಲು ನಿಮ್ಮ ಕೈಸೇರಿರುತ್ತದೆ ಎಂದು ಗೊತ್ತಿದ್ದೇ ಬರೆಯಲು ಕೂತಿದ್ದೇನೆ. ಪಕ್ಕದ ಮನೆಯ ಬಸ್ ಡ್ರೈವರಿಗೆ ಮತ್ತೆ ರಾತ್ರಿ ಪಾಳಿ ಹಾಕಿದ್ದಾರೆ, ಪಾಪ, ಹಗಲೆಲ್ಲ ಮಲಗಿರುತ್ತಾರೆ. ಅವರ ಮಂಚಕ್ಕೂ ನನ್ನ ಹೊಲಿಗೆ ಯಂತ್ರಕ್ಕೂ ನಡುವಿನ ಗೋಡೆ ನೀವು ಹೋದಾಗ ಎಷ್ಟು ತೆಳ್ಳಗಿತ್ತೋ ಈಗಲೂ ಅಷ್ಟೇ ತೆಳ್ಳಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಹೌದು, ತಂದಿದ್ದೇನೆ. ಹೊಟ್ಟೆಯಿಲ್ಲದ, ಒಳಗೆ ಟೊಳ್ಳಿಲ್ಲದ, ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್. ನೀವು ಮೂಗು ಮುರಿದು ‘ಹಲಗೆ’ ಎನ್ನುತ್ತೀರಲ್ಲ, ಅದೇ. ಹಲಗೆ ಮೇಲೆ ತರಕಾರಿ ಹೆಚ್ಚಬಹುದು, ಜಾಝ್ ನುಡಿಸೋಕಾಗಲ್ಲ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದವರು ನೀವು. ಹೋದ ಕಾಗದದಲ್ಲೂ ಬರೆದಿರಿ, ಬೇಕಾದರೆ ನನ್ನದನ್ನೇ ತೆಗೆದು ನುಡಿಸು, ಹಲಗೆ ಮಾತ್ರ ಮನೆಯೊಳಗೆ ಬರಕೂಡದು ಎಂದು. ಬಂತು. ಅದೂ ಮುಂಬಾಗಿಲಿನಿಂದಲೇ, ಎದುರುಮನೆಯವರೆಲ್ಲ ಬಟ್ಟೆ ಒಣಹಾಕುವ ಹೊತ್ತಿನಲ್ಲಿ. ಯಾಕೆ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನನಗೆ ಸೋಲೊ ನುಡಿಸಬೇಕು. ಮದುವೆಯಾದಾಗಿನಿಂದ, ನೀವು ಊರಲ್ಲಿದ್ದ ಭಾನುವಾರಗಳಂದು, ಸಂಜೆ ಪಾತ್ರೆ ತೊಳೆದಾದ ಮೇಲೆ ನಾವಿಬ್ಬರೂ ಕೂತು ನುಡಿಸಿದ್ದೇವೆ. ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನನ್ನ ಹಳೆಯ ಡಬ್ಬ ಗಿಟಾರಿನಲ್ಲಿ ಕಾರ್ಡ್ ಹಾಕುತ್ತಾ ತಾಳ ಹಿಡಿಯುವವಳು, ನೀವು ಕಿಟಕಿ ಕಡೆಯ ಕುರ್ಚಿಯಲ್ಲಿ ಕೂತು ಅದರ ಮೇಲೆ ಮನಸ್ಸಿಗೆ ಬಂದದ್ದನ್ನು ನುಡಿಸಿ ಮೆರೆಯುವವರು. ‘ನೀನು ತಾಳ ಬಿಡಬೇಡ, ಉಳಿದದ್ದು ನಾನು ನೋಡ್ಕೋತೀನಿ’ ಎನ್ನುತ್ತಿದ್ದಿರಿ. ನಾನು ಬಿಡಲಿಲ್ಲ. ನೆಗಡಿಯಿದ್ದಾಗಲೂ ಬಿಡಲಿಲ್ಲ, ನಿಮ್ಮ ಮೇಲೆ ಸಿಟ್ಟಿದ್ದಾಗಲೂ ಬಿಡಲಿಲ್ಲ. ಈಗ ಆ ‘ಉಳಿದದ್ದು’ ಏನಿದೆಯೋ ಅದು ನನಗೂ ಬೇಕು.

ನಿಮ್ಮ ಮಾತು ಮೀರಿದೆ ಎಂದು ಮಾತ್ರ ಹೇಳಬೇಡಿ. ಮೊದಲು ನಿಮ್ಮ ಗಿಟಾರನ್ನೇ ಮಂಚದಡಿಯ ಪೆಟ್ಟಿಗೆಯಿಂದ ತೆಗೆದೆ. ನಿಮ್ಮಂಥ ಅಗಲ ಎದೆಯವರಿಗೆ ಅದರ ಹೊಟ್ಟೆ ಹೇಗೆ ಹೊಂದುತ್ತದೋ ಕಾಣೆ. ನನ್ನ ತೊಡೆಯ ಮೇಲೆ ಇಟ್ಟರೆ ಅದರ ಅಂಚು ಕಂಕುಳಿಗೆ ಒತ್ತುತ್ತದೆ, ಬಲಗೈ ಹೊರಗೆ ಚಾಚಿಕೊಂಡು ಮರಗಟ್ಟುತ್ತದೆ, ಬಗ್ಗಿ ನೋಡಿದರೂ ನನಗೆ ತಂತಿ ಕಾಣುವುದಿಲ್ಲ. ನಾನು ಅದನ್ನು ಹಿಡಿದಿದ್ದೇನೋ ಅದು ನನ್ನನ್ನು ಹಿಡಿದಿದೆಯೋ ತಿಳಿಯದ ಸ್ಥಿತಿ. ಹಾಗೂ ಹಲ್ಲು ಕಚ್ಚಿ ನುಡಿಸಿದರೆ, ಆಂಪ್ಲಿಫೈಯರಿಗೆ ಸಿಕ್ಕಿಸದೆಯೇ ಆ ಹೊಟ್ಟೆ ಎಷ್ಟು ಸದ್ದು ಮಾಡುತ್ತದೆಂದರೆ ಡ್ರೈವರು ಗೋಡೆ ಕುಟ್ಟಿದರು. ಸಂಜೆ ಅವರು ಕೆಲಸಕ್ಕೆ ಹೋದ ಮೇಲೆ ಸಿಕ್ಕಿಸಿ ನುಡಿಸಿದೆ. ನಮ್ಮ ಕೋಣೆಯ ಅಳತೆ ನಿಮಗೆ ಗೊತ್ತೇ ಇದೆ, ಆಂಪ್ ಇಡುವುದು ನನ್ನ ಕಾಲ ಬುಡದಲ್ಲೇ. ತಂತಿ ಮುಟ್ಟುವುದೇ ತಡ, ಆಂಪಿನ ಸದ್ದು ಆ ಹೊಟ್ಟೆಗೇ ಮರಳಿ ಹೊಕ್ಕು ಗಿಟಾರ್ ಊಳಿಡಲು ಶುರುಮಾಡಿತು. ಕಡೆಗೆ ಅದರ ಹೊಟ್ಟೆಯ ತೂತುಗಳಿಗೆ ಪರದೆಯ ಅಸ್ತರಿನ ಚೂರು ತುರುಕಿ ನೋಡಿದೆ. ಎದೆ ಹಿಡಿದುಕೊಳ್ಳಬೇಡಿ, ಎಲ್ಲವನ್ನೂ ಚಿಮಟದಿಂದ ತೆಗೆದಿದ್ದೇನೆ, ಒಂದು ನೂಲೂ ಉಳಿದಿಲ್ಲ. ನೀವು ಇಲ್ಲಿ ಕೂತು ನುಡಿಸುವಾಗ ಅದು ಯಾಕೆ ಊಳಿಡುತ್ತಿರಲಿಲ್ಲ ಎಂದು ಯೋಚಿಸಿದೆ. ನೀವು ಕಿಟಕಿ ಹತ್ತಿರ ಕೂತು ಆಂಪನ್ನು ನನ್ನ ಕಡೆ ತಿರುಗಿಸಿರುತ್ತಿದ್ದಿರಿ. ಸದ್ದೆಲ್ಲ ನನ್ನ ಕಿವಿಗೇ ಬೀಳುತ್ತಿತ್ತು.

ಗಿಟಾರ್ ಅಂಗಡಿ ಬಸ್ ನಿಲ್ದಾಣದ ಹಿಂದೆ, ಚಪ್ಪಲಿ ಅಂಗಡಿಯ ಮೇಲಿದೆ. ಅಲ್ಲಿರುವ ಮನುಷ್ಯನಿಗೆ ನನಗಿಂತ ಉದ್ದ ಜಡೆ. ಕಾಲಿಟ್ಟ ಕೂಡಲೇ ‘ಮಗನಿಗಾ ಮೇಡಂ?’ ಎಂದರು. ನನಗೇ, ಮನೆಯಲ್ಲಿ ಜಾಝ್ ನುಡಿಸೋಕೆ ಎಂದೆ. ಜಾಝ್ ಎಂದ ಕೂಡಲೇ ಅವರ ಮುಖಭಾವವೇ ಬದಲಾಗಿ, ಥೇಟ್ ನಿಮ್ಮ ಹಾಗೆ, ‘ಹಾಗಾದ್ರೆ ಈ ಕಡೆ ಬನ್ನಿ’ ಎಂದು ದೊಡ್ಡ ಹೊಟ್ಟೆಯ ಗಿಟಾರುಗಳ ಗೋಡೆಗೆ ಕರೆದೊಯ್ದರು. ದೊಡ್ಡ ಹೊಟ್ಟೆಯಿರೋದು ನಮ್ಮನೇಲಿ ಆಗಲೇ ಎರಡಿದೆ, ಒಂದು ಪೆಟ್ಟಿಗೆಯಲ್ಲಿ, ಇನ್ನೊಂದು ಹಡಗಿನಲ್ಲಿ ಎಂಜಿನ್ ರಿಪೇರಿ ಮಾಡ್ತಿದೆ, ಮೂರನೇದು ಬೇಡ ಎಂದೆ. ಜಡೆಯವರು ಗೋಡೆಗೆ ಕೈಯಾನಿಸಿ ನಕ್ಕರು. ಆಮೇಲೆ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಒಂದೊಂದೇ ಹಲಗೆ ಇಳಿಸಿಕೊಟ್ಟರು. ಮೊದಲನೆಯದು ಕಿವಿಗೆ ಚುಚ್ಚುವಷ್ಟು ಕೀರಲು. ಎರಡನೆಯದರ ಸ್ವರ ಚೆನ್ನಾಗಿತ್ತು, ಆದರೆ ಹೆಗಲು ಜಗ್ಗುವ ಭಾರ, ಕತ್ತುನೋವಿನವಳು ಅದನ್ನು ಹೊತ್ತರೆ ಕೇಳಬೇಕೇ. ಮೂರನೆಯದು ಹಸಿರು. ಎಂಥ ಹಸಿರು ಎಂದರೆ ಬಚ್ಚಲುಮನೆಯ ಟೈಲ್ಸಿನ ಹಸಿರು, ನೋಡಿದ ಕೂಡಲೇ ನೀವು ಕಣ್ಣು ಮುಚ್ಚಿಕೊಳ್ಳುವಂಥದ್ದು. ಜಡೆಯವರು ಅದಕ್ಕೆ ನುಣುಪಾದ ದಪ್ಪ ತಂತಿ ಹಾಕಿ, ತಂತಿಯ ಸದ್ದು ಹಿಡಿಯುವ ಎರಡು ಪಿಕಪ್‌ಗಳಲ್ಲಿ ಹಿಂತುದಿಯ ಕಡೆಯದನ್ನು ಬಂದ್ ಮಾಡಿ ಕುತ್ತಿಗೆ ಹತ್ತಿರದ್ದನ್ನು ಮಾತ್ರ ಇಟ್ಟು, ಟೋನಿನ ಗುಬುಟನ್ನು ಅರ್ಧಕ್ಕೆ ಇಳಿಸಿಕೊಟ್ಟರು. ಒಂದು ಸ್ವರ ಮೀಟಿದೆ. ಚೂಪು ಹೋಗಿ ದುಂಡಗೆ ಬಂತು. ಸುಳ್ಳು ಹೇಳಲಾರೆ, ನಿಮ್ಮ ಗಿಟಾರಿನ ಮರ ಉಸಿರಾಡುತ್ತದಲ್ಲ, ಆ ಉಸಿರು ಇದಕ್ಕಿಲ್ಲ. ಆದರೆ ನಾನು ಮೀಟಿದ ಸ್ವರ ನಾನು ಸಾಕು ಎನ್ನುವವರೆಗೂ ನಿಂತಿತು. ನಿಮ್ಮದರಲ್ಲಿ ಅದು ಬೇಗ ಆರಿಹೋಗುತ್ತದೆ, ಆರಿದ ಜಾಗಕ್ಕೆ ನೀವು ಇನ್ನೊಂದನ್ನು ತಂದು ಸುರಿಯುತ್ತೀರಿ.

ಈಗ ನೀವು ನಗುವ ಭಾಗ ಬಂತು, ನಕ್ಕುಬಿಡಿ. ಅಳತೆ ಟೇಪು ಯಾವಾಗಲೂ ನನ್ನ ಕತ್ತಿನಲ್ಲೇ ಇರುತ್ತದಲ್ಲ, ಅಂಗಡಿಯಲ್ಲೂ ಇತ್ತು. ಕನ್ನಡಿ ಮುಂದೆ ನಿಂತು ಗಿಟಾರ್ ತೂಗುಹಾಕಿಕೊಂಡು ಭುಜದಿಂದ ಮೊಣಕೈಗೆ, ಮೊಣಕೈಯಿಂದ ತಂತಿಗೆ, ಸೊಂಟದಿಂದ ಅಂಚಿಗೆ ಎಲ್ಲಾ ಅಳೆದೆ. ಹಸಿರು ನನ್ನ ಮೈಗೇ ಹೊಲಿದ ಹಾಗೆ ಕೂತಿತು. ಜಡೆಯವರು ‘ಒಂದ್ಸಲ ಕೂತು ನೋಡಿ ಮೇಡಂ’ ಎಂದರೂ ಕೇಳಲಿಲ್ಲ, ಅಳತೆ ವಿಚಾರ ನನಗೆ ಹೇಳಿಕೊಡ್ತೀರಾ ಎಂದು ದೊಡ್ಡದಾಗಿ ಹೇಳಿ ತಂದೆ. ಮನೆಗೆ ಬಂದು ಸ್ಟೂಲಿನ ಮೇಲೆ ಕೂತೆ. ಕೂತದ್ದೇ ತಡ ಗಿಟಾರಿನ ತಲೆ ನೆಲದ ಕಡೆ ವಾಲಿತು. ಎತ್ತಿದೆ, ಮತ್ತೆ ವಾಲಿತು. ಮೈ ಹಗುರ, ತಲೆ ಭಾರ. ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋತರೆ ಸ್ವರ ಹುಡುಕುವುದು ಹೇಗೆ? ಪರದೆ ಹೊಲಿಯುವವಳಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ನಾನು ಜೀವಮಾನವಿಡೀ ಅಳೆದದ್ದೆಲ್ಲ ನೇತಾಡುವ ವಸ್ತುಗಳನ್ನು. ಪರದೆ ಯಾವತ್ತಾದರೂ ಕೂರುತ್ತದೆಯೇ?

ನಿಮ್ಮ ಅಕ್ಕ ಮೆಟ್ಟಿಲಿಳಿದು ಬಂದು ನೋಡಿ, ‘ವಾಪಸ್ ಕೊಟ್ಬಿಡಮ್ಮ, ಅವನು ಬಂದ್ರೆ ಏನಂತಾನೆ’ ಎಂದರು. ಬರಲಿ, ಅಂದ ಮೇಲೆ ನೋಡಿಕೊಳ್ಳೋಣ ಎಂದೆ. ಜಡೆಯವರೂ ಫೋನಿನಲ್ಲಿ ಬದಲಿಸಿ ಕೊಡುತ್ತೇನೆಂದರು. ಕತ್ತರಿ ಹಾಕಿದ ಬಟ್ಟೆಯನ್ನು ನಾನು ಯಾವ ಅಂಗಡಿಗೂ ಹಿಂದಕ್ಕೆ ಕೊಟ್ಟವಳಲ್ಲ, ಇದನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದೆ. ಆಮೇಲೆ ಮೇಜಿನ ಖಾನೆ ಎಳೆದಾಗ ಕಂಡಿತು, ಪರದೆ ಗಾಳಿಗೆ ಹಾರದ ಹಾಗೆ ಕೆಳಗಂಚಿನ ಮಡಿಕೆಯಲ್ಲಿಟ್ಟು ಹೊಲಿಯುತ್ತೇನಲ್ಲ, ಆ ಸೀಸದ ಗುಂಡುಗಳ ಡಬ್ಬಿ. ಸೋಫಾದ ದಪ್ಪ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು, ಗುಂಡು ತುಂಬಿ, ಗಿಟಾರಿನ ಹಿಂತುದಿಯಲ್ಲಿ ಹೆಗಲಪಟ್ಟಿ ಸಿಕ್ಕಿಸುವ ಗುಂಡಿಗೆ ಬಿಗಿಯಾಗಿ ಕಟ್ಟಿದೆ. ಸಾಲಲಿಲ್ಲ, ಬಿಚ್ಚಿ ಇನ್ನಷ್ಟು ತುಂಬಿದೆ. ಕೂತೆ. ತಲೆ ಅಲ್ಲೇ ನಿಂತಿತು. ಖುಷಿಯಿಂದ ಹೊತ್ತುಕೊಂಡು ಹೋಗಿ ಜಡೆಯವರಿಗೆ ತೋರಿಸಿದರೆ ಅವರು ಒಂದು ಅಗಲವಾದ ಒರಟು ಚರ್ಮದ ಪಟ್ಟಿ ಹಾಕಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಎಂದರು. ಇರಲಿ. ಅವರ ಪಟ್ಟಿ ಅವರಿಗೆ, ನನ್ನ ಗುಂಡು ನನಗೆ.

ಈಗ ಹಗಲೆಲ್ಲ ಒಂದು ಪರದೆಗೂ ಇನ್ನೊಂದಕ್ಕೂ ನಡುವೆ ಆಂಪಿಗೆ ಸಿಕ್ಕಿಸದೆಯೇ ನುಡಿಸುತ್ತೇನೆ. ಸದ್ದು ನನ್ನ ಕಿವಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ, ಡ್ರೈವರ ಗೊರಕೆ ಅದಕ್ಕಿಂತ ಜೋರು. ಮೊದಲು ಸದ್ದಾಗುತ್ತದೆ ಎಂದು ದೂರುತ್ತಿದ್ದ ನಿಮ್ಮ ಅಕ್ಕ ಈಗ ‘ಏನೂ ಕೇಳ್ಸಲ್ವಲ್ಲ, ಒಳಗೆ ಏನ್ ಮಾಡ್ತಾಳೋ’ ಎಂದು ದೂರುತ್ತಾರೆ. ಕೇಳಿಸಿಕೊಳ್ಳಲಿ ಎಂದು ಹೋದ ಶುಕ್ರವಾರ ಸಂಜೆ ಅವರನ್ನು ನಿಮ್ಮ ಕಿಟಕಿ ಕುರ್ಚಿಯಲ್ಲೇ ಕೂರಿಸಿ, ಆಂಪ್ ಸಣ್ಣಗೆ ಇಟ್ಟು, ನಿಮಗೆ ಪ್ರಾಣವಾದ ಆ ನಿಧಾನದ ಹಾಡನ್ನು ನುಡಿಸಿದೆ. ಹಾಡು ಒಂದು ಸಲ, ಆಮೇಲೆ ನನ್ನ ಸ್ವಂತದ್ದು ಎರಡು ಸುತ್ತು. ಅವರು ಕೈಲಿದ್ದ ತರಕಾರಿಯನ್ನು ಹಾಗೇ ಹಿಡಿದುಕೊಂಡಿದ್ದರು. ಮುಗಿದ ಮೇಲೆ, ‘ಇದು ಅವನು ನುಡಿಸ್ತಿದ್ದದ್ದೇ ಅಲ್ವಾ? ಆದ್ರೆ ಅವನು ನಡುವೆ ಹೀಗೆ ಸುಮ್ಮನಾಗ್ತಿರಲಿಲ್ಲ’ ಎಂದರು. ಆಮೇಲೆ ‘ಇನ್ನೊಂದ್ಸಲ ನುಡಿಸು’ ಎಂದರು. ಈ ಸುದ್ದಿಯನ್ನು ಅವರು ನಿಮಗೆ ಖಂಡಿತ ಬರೆದಿರುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅವರ ಮಾತಿನಿಂದ ಒಂದು ಸಂಜೆ ನೆನಪಾಯಿತು. ನಿಮ್ಮ ಹಡಗಿನ ಗೆಳೆಯರೆಲ್ಲ ಊಟಕ್ಕೆ ಬಂದಿದ್ದರಲ್ಲ, ಕುರ್ಚಿ ಸಾಲದೆ ಬಟ್ಟೆಯ ಗಂಟುಗಳ ಮೇಲೆ ಕೂತಿದ್ದರು. ನೀವೇ ‘ಇವತ್ತು ಇವಳೂ ಒಂದು ಸುತ್ತು ನುಡಿಸ್ತಾಳೆ’ ಎಂದು ನನ್ನನ್ನು ಮುಂದೆ ಮಾಡಿದಿರಿ. ಅದೇ ಹಾಡು. ನಾನು ಶುರುಮಾಡಿ, ಸ್ವಲ್ಪ ದೂರ ಹೋಗಿ, ನಿಂತೆ. ನೀವು ತಟ್ಟನೆ ನುಗ್ಗಿ ಬಂದು ಹಾಡನ್ನು ಎತ್ತಿಕೊಂಡು ಹೊರಟೇಬಿಟ್ಟಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀವು ನನ್ನ ಕಡೆ ತಿರುಗಿ ‘ಹೆದರಬೇಡ, ನಾನಿದ್ದೀನಲ್ಲ’ ಎಂದಿರಿ, ಪ್ರೀತಿಯಿಂದಲೇ ಎಂದಿರಿ. ಅವತ್ತಿನಿಂದ ನಾನು ಸೋಲೊ ಮುಟ್ಟಲಿಲ್ಲ, ನೀವೂ ಕೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಸಿಟ್ಟಿನ ಜೊತೆಗೆ ನೀವು ಇಲ್ಲದೆ ಈ ಕೋಣೆ ಬಿಕೋ ಎನ್ನುವುದೂ ಇದೆ. ಎರಡೂ ನಿಜ, ಒಂದಕ್ಕಾಗಿ ಇನ್ನೊಂದನ್ನು ನಾನು ಬಿಡುವವಳಲ್ಲ.

ಇನ್ನು ಸಾಕು, ಹೋಟೆಲಿನವರ ಪರದೆಯ ಅಂಚು ಕಾಯುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕಿವಿ ಮುಚ್ಚಿಕೊಳ್ಳಿ, ಬಿಸಿ ಪೈಪಿಗೆ ಕೈ ತಾಗಿಸಿಕೊಳ್ಳಬೇಡಿ. ಗೆಳೆಯರಿಗೆಲ್ಲ ನಾನು ಕೇಳಿದೆ ಎಂದು ಹೇಳಿ, ಹಲಗೆಯ ವಿಚಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ಪ್ರತಿ ಕಾಗದದ ಕೆಳಗೂ ‘ನಿಮ್ಮ ತಾಳದವಳು’ ಎಂದು ಬರೆಯುತ್ತಿದ್ದೆ, ಇವತ್ತು ಬರೆಯುವುದಿಲ್ಲ.

ಸದಾ ನಿಮ್ಮವಳೇ ಆದ
ಹೆಂಡತಿ

ತಾ.ಕ.: ಡ್ರೈವರು ಎದ್ದು ಪೇಟೆಗೆ ಹೊರಟಿದ್ದಾರೆ, ಕಾಗದ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾರೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಅವತ್ತು ನಾನು ದಾರಿ ತಪ್ಪಿರಲಿಲ್ಲ ರೀ. ಬೇಕೆಂದೇ ಸುಮ್ಮನಾಗಿದ್ದೆ, ಮುಂದಿನ ಸ್ವರ ನನ್ನ ಬೆರಳಲ್ಲೇ ಇತ್ತು, ಆ ಖಾಲಿ ಜಾಗ ನಾನು ಮಾಡಿದ್ದು. ನಿಮ್ಮ ಗಿಟಾರಿಗೆ ಗಾಳಿಯಾಡಿಸಿ ಒರೆಸಿ ಇಟ್ಟಿದ್ದೇನೆ. ಬಾಗಿಲ ಪಕ್ಕದ ಸ್ಟೂಲಿಗೆ ನಿಮ್ಮ ಮೈಗೆ ತಕ್ಕ ಹಾಗೆ ಹೊಸ ದಿಂಬು ಹೊಲಿದಿದ್ದೇನೆ, ಈ ಸಲ ಕೂರುವವರ ಅಳತೆಯಲ್ಲೇ. ಕಿಟಕಿ ಕುರ್ಚಿ ನನ್ನದು. ಬಂದ ಮೊದಲ ಭಾನುವಾರ ಅದೇ ಹಾಡು. ಎರಡನೇ ಸುತ್ತಿನ ನಡುವೆ ನಾನು ನಿಲ್ಲುತ್ತೇನೆ. ಎಷ್ಟು ಹೊತ್ತು ನಿಂತರೂ ಆ ಖಾಲಿ ಜಾಗದೊಳಗೆ ಬರಬೇಡಿ. ನೀವು ತಾಳ ಬಿಡಬೇಡಿ, ಉಳಿದದ್ದು ನಾನು ನೋಡ್ಕೋತೀನಿ.