ಕಿತ್ತುಬಂದ ವೈರು

ಗದಗ, ಇಸವಿ ೨೧೪೨, ಹದಿಮೂರನೆಯ ತಿಂಗಳು, ಐದನೆಯ ದಿನ

ಪ್ರೀತಿಯ ನೀಲಗಂಗಾ,

ತಿಂಗಳು ಹನ್ನೆರಡೇ ಅಲ್ಲವೇ ಎಂದು ನಗಬೇಡ. ಬೇಸಿಗೆ ಬೆಳೆದೂ ಬೆಳೆದೂ ಕೊನೆಗೆ ಅದಕ್ಕೊಂದು ತಿಂಗಳನ್ನೇ ಕೊಟ್ಟುಬಿಟ್ಟಿದ್ದೇವೆ. ನಾನು ಶರಣಶ್ರೀ, ನಿನ್ನ ಮೊಮ್ಮಗಳ ಮಗಳು. ಆದರೆ ನಿನಗೀಗ ಇಪ್ಪತ್ತೊಂಬತ್ತು, ನನಗೆ ಎಪ್ಪತ್ತು. ಮುತ್ತಜ್ಜಿ ಎಂದು ಕಾಲಿಗೆರಗಲೋ, ಮಗಳೇ ಎಂದು ಕಿವಿ ಹಿಂಡಲೋ ತಿಳಿಯದೆ ಗಂಗವ್ವಾ ಎನ್ನುತ್ತೇನೆ. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಇದು ಹಿನ್ನಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ನಿನ್ನ ರೇಡಿಯೋದಿಂದ ನಿನ್ನೊಬ್ಬಳಿಗೇ ಕೇಳಿಸುತ್ತದೆ. ಓದಿ ಹೇಳಲು ಅಣ್ಣನ ಹೆಂಡತಿ, ನಿನ್ನ ವೈನಿ, ಬರಬೇಕಾಗಿಲ್ಲ.

ಇವತ್ತು ತರಗತಿಯಲ್ಲಿ ನಡೆದದ್ದು ನಮಗೆಲ್ಲ ಗೊತ್ತು. ಹಾರ್ಮೋನಿಯಂ ರಿಪೇರಿ ಮಾಡುವ ಹಾವೇರಿಯ ಚನ್ನವೀರ ನಿನ್ನನ್ನು ನೋಡಿ ಹೋದ ಮೇಲೆ ಕಳಿಸಿದ ಇಮೇಲುಗಳನ್ನೆಲ್ಲ ನಿನ್ನ ವೈನಿಯೇ ಓದಿ, ತಾನೇ ಉತ್ತರ ಬರೆಯುತ್ತಿದ್ದಳು. ಕಣ್ಣು ಕಾಣದ ನಿನಗೆ, "ಯಾಕವ್ವಾ ಸುಮ್ಮನ ತ್ರಾಸು? ನಾ ಇಲ್ಲೇನು?" ಎನ್ನುತ್ತಿದ್ದಳು. ಪಾಪ, ಕೆಟ್ಟವಳಲ್ಲ. ಆದರೆ ನಿನ್ನ ಮನಸ್ಸಿನ ಮಾತನ್ನು ಅವಳು ಹೇಗೆ ಬರೆದಾಳು? ಅದಕ್ಕೇ ನೀನು ಕಂಪ್ಯೂಟರ್ ತರಗತಿ ಸೇರಿದೆ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೊದಮೊದಲು ನಿನ್ನನ್ನು ಗೋಳು ಹೊಯ್ದುಕೊಂಡಿತು. ಟ್ಯಾಬ್ ಒತ್ತಿದಾಗಲೆಲ್ಲ ‘ಲಿಂಕ್, ಲಿಂಕ್’ ಎಂದು ಗಿಣಿಯಂತೆ ಒದರಿತು. ನೀನು ಬಿಡಲಿಲ್ಲ. ಇವತ್ತು ಮೊದಲ ಸಲ ನೀನೇ ಬರೆದೆ: "ಇದು ವೈನಿ ಬರದದ್ದಲ್ಲ, ನಾನ ಬರದದ್ದು. ನಿಮ್ಮ ದನಿ ನನಗ ಸೇರೇತಿ. ಇನ್ನೊಮ್ಮೆ ಬರ್ರಿ." ಸರಿಯಿದೆಯೇ ಎಂದು ಕೇಳಿಸಿಕೊಳ್ಳುವಷ್ಟರಲ್ಲಿ ಇಯರ್‌ಫೋನಿನ ವೈರು ಕಿತ್ತುಬಂತು. ಸ್ಪೀಕರು ಇಡೀ ತರಗತಿಗೆ ಡಂಗುರ ಸಾರಿತು. ಅಯ್ಯೋ ದೇವರೇ! ಎಲ್ಲರೂ ಗೊಳ್ಳೆಂದು ನಕ್ಕರು. ನೀನು ಅದನ್ನು ಕಳಿಸದೆಯೇ ಎದ್ದು ಬಂದೆ. "ಇನ್ನ ಆ ಕಡೆ ತಲಿ ಹಾಕಿ ಮಲಗೂದಿಲ್ಲ" ಎಂದು ಅವ್ವನ ಮುಂದೆ ಆಣೆಯಿಟ್ಟೆ.

ಈಗ ನಮ್ಮ ದಿನಗಳನ್ನು ಸ್ವಲ್ಪ ಕೇಳು. ಇಲ್ಲಿ ಕಣ್ಣಿರುವ ಮಕ್ಕಳೂ ಮೊದಲು ಕಲಿಯುವುದು ಕಿವಿಗೆಲಸ. ಪರದೆಯ ಮೇಲೆ ಕಸೂತಿ ಬಟ್ಟೆ ಹೊದಿಸಿ, ಫೈಲು ಹುಡುಕುವುದು, ಪತ್ರ ಬರೆಯುವುದು, ಬಸ್ಸಿನ ಸೀಟು ಕಾದಿರಿಸುವುದು ಎಲ್ಲವನ್ನೂ ಕೇಳಿಯೇ ಮಾಡಬೇಕು. ನನ್ನ ಮೊಮ್ಮಗಳು ಕಸ್ತೂರಿಯ ಒಂದು ಕಿವಿ ಪಾಠದ ಕಡೆ, ಇನ್ನೊಂದು ನಾನು ರೊಟ್ಟಿ ಬಡಿಯುವ ಸದ್ದಿನ ಕಡೆ. ಸದ್ದು ನಿಂತಿತೋ, ತಟ್ಟೆ ಹಿಡಿದು ಹಾಜರು! ಅವಳು ಯಂತ್ರದ ದನಿಯನ್ನು ಓಡಿಸುವ ವೇಗಕ್ಕೆ ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಅರವತ್ತಕ್ಕೆ ನನ್ನ ಕಣ್ಣು ಹೋದಾಗ ಅತ್ತದ್ದುಂಟು, ಸುಳ್ಳೇಕೆ ಹೇಳಲಿ? ಆದರೆ ಬರೆಯುವುದು ನಿಲ್ಲಲಿಲ್ಲ. ಬಟ್ಟೆ ಹೊದಿಸಿ ಕಲಿತಿದ್ದೆನಲ್ಲ, ಕೈಗೆ ದಾರಿ ಗೊತ್ತಿತ್ತು.

ನಮ್ಮ ಮದುವೆಗಳಲ್ಲಿ ‘ಗಟ್ಟಿಯೋದು’ ಎಂಬ ಶಾಸ್ತ್ರವಿದೆ. ಅಕ್ಷತೆ ಬಿದ್ದ ಮೇಲೆ ಹುಡುಗ, ಹುಡುಗಿ ಒಬ್ಬರಿಗೊಬ್ಬರು ಬರೆದ ಮೊದಲ ಪತ್ರವನ್ನು ಯಂತ್ರ ನೆರೆದವರೆದುರು ಗಟ್ಟಿಯಾಗಿ ಓದುತ್ತದೆ. ಜನ ಬಿದ್ದು ಬಿದ್ದು ನಗುತ್ತಾರೆ, ಮದುಮಕ್ಕಳೂ ನಗುತ್ತಾರೆ. ಅದು ಮೊದಲು ನಡೆದದ್ದು ನಿನ್ನ ಮಗಳ ಮದುವೆಯಲ್ಲಿ. ಹಠ ಹಿಡಿದು ಮಾಡಿಸಿದವಳು ನೀನೇ.

ಇಷ್ಟೆಲ್ಲ ಗೊತ್ತಿದ್ದೂ ಈ ಪತ್ರ ಬರೆಯದೆ ಬಿಡಲಾಗಲಿಲ್ಲ. ಆಣೆ ಮುರಿದು ಮರುದಿನ ತರಗತಿಗೆ ಹೋದದ್ದೇಕೆ ಎಂದು ಯಾರಾದರೂ ಕೇಳಿದರೆ ನೀನು, "ರೇಡಿಯೋದಾಗ ಯಾರೋ ಮುದುಕಿ ಬೈದಳು" ಎನ್ನುತ್ತಿದ್ದೆಯಂತೆ. ಆ ಮುದುಕಿ ನಾನೇ ಇರಬೇಕೆಂದು ಮೊನ್ನೆ ಹೊಳೆಯಿತು. ಅದಕ್ಕೇ ಬೈಯುತ್ತಿದ್ದೇನೆ. ಏಳೇ ಹುಚ್ಚಿ! ನಕ್ಕವರು ನಾಲ್ಕು ದಿನ ನಕ್ಕು ಸುಮ್ಮನಾಗುತ್ತಾರೆ. ಪತ್ರ ಡ್ರಾಫ್ಟಿನಲ್ಲಿ ಹಾಗೇ ಇದೆ. ಹಾವೇರಿಯಲ್ಲಿ ಚನ್ನವೀರ ಕಾಯುತ್ತಿದ್ದಾನೆ. ಅವನ ಹಿಂದೆ ನಿನ್ನ ಮಗಳು, ಅವಳ ಮಗಳು, ನಾನು, ರೊಟ್ಟಿಗೆ ಕಾದ ಕಸ್ತೂರಿ, ಎಲ್ಲರೂ ಸಾಲಾಗಿ ನಿಂತಿದ್ದೇವೆ.

ನಾಳೆ ಹೋಗು. ವೈರು ಸರಿಯಾಗಿ ಸಿಕ್ಕಿಸಿಕೋ. ಕಂಟ್ರೋಲ್ ಒತ್ತಿ ಹಿಡಿದು ಎಂಟರ್ ಒತ್ತು, ಪತ್ರ ಹೋಗುತ್ತದೆ. ನಾವು ಹುಟ್ಟುತ್ತೇವೆ.

ನಿನ್ನ
ಶರಣಶ್ರೀ