ಒಂದೇ ಅಂಗಿಯಲ್ಲಿ ಎರಡು ಜ್ಞಾನಸ್ನಾನ

ಧರ್ಮಾಧ್ಯಕ್ಷರ ಕಚೇರಿಯ ಮಾನ್ಯ ದಾಖಲೆ ಅಧಿಕಾರಿಗಳೇ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಐದನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಕಾಗುಣಿತ ಅಲ್ಲಲ್ಲಿ ಕಾಲು ಜಾರಿ ಬಿದ್ದಿದ್ದರೆ ಎತ್ತಿ ನಿಲ್ಲಿಸಿಕೊಂಡು ಓದಿ. ಇನ್ನು ದೂರು. ನಿಮ್ಮ ಕಚೇರಿಯ ಪ್ರಕಾರ ನನಗೆ ಜ್ಞಾನಸ್ನಾನ ಆಗಿದೆ, ಆದ್ದರಿಂದ ಮತ್ತೆ ಕೊಡುವಂತಿಲ್ಲ. ಅದೇ ಕಚೇರಿಯ ಪ್ರಕಾರ ನನಗೆ ಜ್ಞಾನಸ್ನಾನ ಆಗಿಲ್ಲ, ಆದ್ದರಿಂದ ನಾನು ಕ್ಯಾಥೊಲಿಕ್ ಅಲ್ಲ, ಬರುವ ತಿಂಗಳ ಮೊದಲ ಶನಿವಾರ ನಮ್ಮ ಚರ್ಚಿನಲ್ಲಿ ನನ್ನ ಮದುವೆಯೂ ಇಲ್ಲ. ಈ ಎರಡು ಮಾತನ್ನೂ ಒಬ್ಬರೇ ಗುಮಾಸ್ತರು, ಒಂದೇ ಕುರ್ಚಿಯಲ್ಲಿ ಕೂತು, ಒಂದೇ ಲೋಟ ಚಹಾ ಮುಗಿಯುವುದರೊಳಗೆ ಹೇಳಿದರು.

ನಾನು ಜನರೆದುರು ಬಾಯಿ ಬಿಡುವವಳಲ್ಲ. ಬಸ್ಸಿನಲ್ಲಿ "ಇಳೀಬೇಕು" ಅನ್ನಲು ನಾಚಿ ಎರಡು ನಿಲ್ದಾಣ ಮುಂದೆ ಹೋಗಿ ನಡೆದುಕೊಂಡು ವಾಪಸ್ ಬಂದವಳು. ಆದರೆ ತಮಗೆ ಬರೆದ ಮೂರು ಪತ್ರಗಳೂ ತಮ್ಮ ಮೇಜಿನ ಮೇಲೆ ಮೌನವ್ರತ ಹಿಡಿದಿರುವುದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಡೆದದ್ದು ಇಷ್ಟು. ನಾವು ಅವಳಿಗಳು. ಅಕ್ಕ ನನಗಿಂತ ಹನ್ನೊಂದು ನಿಮಿಷ ದೊಡ್ಡವಳು, ಆ ಹನ್ನೊಂದು ನಿಮಿಷವನ್ನು ಇವತ್ತಿಗೂ ನನ್ನ ಮೇಲೆ ಸವಾರಿ ಮಾಡಿಸುತ್ತಾಳೆ. ನಮ್ಮ ಜ್ಞಾನಸ್ನಾನದ ದಿನ ಅಮ್ಮ ಜ್ವರ ಬಂದು ಮಲಗಿದ್ದಳು. ದೊಡ್ಡಮ್ಮನೇ ಇಬ್ಬರನ್ನೂ ಚರ್ಚಿಗೆ ಎತ್ತಿಕೊಂಡು ಹೋದಳು. ಮಕ್ಕಳು ಎರಡು, ಬಿಳಿ ಅಂಗಿ ಮಾತ್ರ ಒಂದೇ. ಮೊದಲು ಅಕ್ಕನಿಗೆ ತೊಡಿಸುವುದು, ಆಮೇಲೆ ಪಕ್ಕದ ಕೋಣೆಯಲ್ಲಿ ಬಿಚ್ಚಿ ನನಗೆ ತೊಡಿಸುವುದು ಎಂದು ತೀರ್ಮಾನವಾಗಿತ್ತು. ಆ ಅಂಗಿಗೆ ಬೆನ್ನ ಹಿಂದೆ ಹನ್ನೆರಡು ಗುಂಡಿ, ಒಂದೊಂದೂ ಸಾಸಿವೆಗಿಂತ ಚೂರು ದೊಡ್ಡದು. ನೀರು ಬಿದ್ದು ಬಟ್ಟೆ ಬಿಗಿದುಕೊಂಡಿತ್ತು. ದೊಡ್ಡಮ್ಮ ಮೂರು ಗುಂಡಿ ಬಿಚ್ಚುವಷ್ಟರಲ್ಲಿ ಹೊರಗಿನಿಂದ ಗುರುಗಳು, "ಬೇಗ ಬಾರಮ್ಮಾ, ಮದುವೆಯವರು ಬಾಗಿಲಲ್ಲಿ ನಿಂತಿದ್ದಾರೆ!" ಅಂದರು. ದೊಡ್ಡಮ್ಮ ಬುಟ್ಟಿಯಲ್ಲಿ ಮಲಗಿದ್ದ ನನ್ನನ್ನು ನೋಡಿದಳು, ಗುಂಡಿ ನೋಡಿದಳು, ಬಾಗಿಲು ನೋಡಿದಳು. ಅಕ್ಕನನ್ನೇ ಮತ್ತೆ ಎತ್ತಿಕೊಂಡು ಹೋದಳು. ಒಂದೇ ಮಗುವಿನ ಹಣೆಗೆ ಎರಡು ಸಲ ನೀರು, ಎರಡು ಹೆಸರು. ಅಪ್ಪ ಅಲ್ಲೇ ನಿಂತು ನಗುತ್ತಿದ್ದ. ಅವನಿಗೆ ಇವತ್ತಿಗೂ ಫೋಟೋದಲ್ಲಿ ನಾವು ಯಾರು ಯಾರೆಂದು ಗೊತ್ತಾಗುವುದಿಲ್ಲ, ಅವನನ್ನು ದೂರುವಂತಿಲ್ಲ.

ಈ ಗುಟ್ಟನ್ನು ದೊಡ್ಡಮ್ಮ ಇಪ್ಪತ್ಮೂರು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಕಳೆದ ತಿಂಗಳು ನನ್ನ ಮದುವೆಯ ಉಡುಪಿಗೆ ಅಳತೆ ತೆಗೆಯುತ್ತಾ ಟೈಲರಮ್ಮ, "ಹಿಂದೆ ಸಣ್ಣ ಸಣ್ಣ ಗುಂಡಿ ಇಡೋಣ್ವಾ?" ಅಂದದ್ದೇ ತಡ, ದೊಡ್ಡಮ್ಮ ಸ್ಟೂಲಿನ ಮೇಲೆ ಕುಸಿದು ಗೊಳೋ ಎಂದು ಅತ್ತಳು.

"ಗುಂಡಿ ಬೇಡ ಕಣೇ! ಗುಂಡಿಯಿಂದಲೇ ನಿನ್ನ ಹಾಳು ಮಾಡಿದ್ದು ನಾನು!"

ಎಲ್ಲ ಹೇಳಿ ಮುಗಿಸಿ ಮೂಗು ಒರೆಸಿಕೊಂಡು, "ಇಬ್ಬರದೂ ಒಂದೇ ಮುಖ, ದೇವರು ಹೊಂದಿಸ್ಕೋತಾನೆ ಅಂದ್ಕೊಂಡೆ" ಅಂದಳು.

ಅಕ್ಕನಿಗೆ ಇದಕ್ಕಿಂತ ಹಬ್ಬ ಇನ್ನೇನು ಬೇಕು? "ನಿನ್ನ ಹೆಸರೂ ನನ್ನದೇ ಅಂತಾಯ್ತು. ಹಾಗಾದ್ರೆ ನೀನ್ಯಾರೇ?" ಅಂದಳು. ಆಮೇಲೆ ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, "ನಂದು ಒಂದು ಹೆಚ್ಚಿದೆ, ತಗೋ" ಅಂದಳು. ಕೊಡಲು ಬರುವ ವಸ್ತುವಾಗಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ನನ್ನನ್ನು ಮದುವೆಯಾಗಲಿರುವವನು ಬೀಗ ರಿಪೇರಿ ಮಾಡುತ್ತಾನೆ. "ಚರ್ಚಿನ ಪುಸ್ತಕದಲ್ಲಿ ಹೆಸರಿದೆ, ಸುಮ್ಮನಿರು. ಮನೆ ಒಳಗೇ ಇರೋಳು ಕೀಲಿ ಯಾಕೆ ಹುಡುಕ್ತೀಯಾ?" ಅಂದ. "ಒಳಗೇ ಇದ್ದೀನಿ ಸರಿ. ನೀನು ಹೇಗೆ ಬಂದೆ ಅಂತ ಯಾರಾದ್ರೂ ಕೇಳಿದ್ರೆ?" ಅಂದೆ. ಬೀಗದವನು ಜೇಬಿನ ಕೀಲಿಗೊಂಚಲು ತೆಗೆದು ಒಂದೊಂದನ್ನೇ ತಿರುವಿ ನೋಡತೊಡಗಿದ. ಸುಳ್ಳು ಹೊತ್ತುಕೊಂಡು ಪೀಠದ ಮುಂದೆ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಹೋಗಿ ನಿಮ್ಮ ಗುಮಾಸ್ತರಿಗೆ ನಿಜ ಹೇಳಿದೆ. ನಿಜ ಹೇಳುವವರಿಗೆ ನಿಮ್ಮಲ್ಲಿ ಯಾವ ಕಿಟಕಿ ಎಂದು ಮೊದಲೇ ವಿಚಾರಿಸಬೇಕಿತ್ತು.

"ಪುಸ್ತಕದಲ್ಲಿ ನಿಮ್ಮ ಹೆಸರಿದೆಯಲ್ಲಮ್ಮಾ."

"ಹೆಸರಿದೆ ಸಾರ್, ನೀರು ಬಿದ್ದಿಲ್ಲ."

"ನೀರು ಬೀಳದೆ ಹೆಸರು ಹೇಗೆ ಬಂತು?"

"ನೀರು ಅಕ್ಕನ ಮೇಲೆ ಬಿತ್ತು, ಹೆಸರು ನನ್ನ ಮೇಲೆ ಬಿತ್ತು."

"ಆಗಿಲ್ಲ ಅನ್ನೋದಕ್ಕೆ ಇಬ್ಬರು ಸಾಕ್ಷಿ ಬೇಕು."

"ದೊಡ್ಡಮ್ಮ ಒಬ್ಬಳು. ಆ ಕೋಣೆಯಲ್ಲಿ ಇದ್ದ ಇನ್ನೊಬ್ಬಳು ನಾನೇ ಸಾರ್."

"ಆಗ ನಿಮ್ಮ ವಯಸ್ಸು?"

"ಹದಿನೇಳು ದಿನ."

ಅವರು ಪೆನ್ನು ಕೆಳಗಿಟ್ಟರು. ಸಾಕ್ಷಿ ಸಾಲದು, ಆದ್ದರಿಂದ ನೀರು ಹಾಕುವಂತಿಲ್ಲ. ಅನುಮಾನ ಬಂದಿದೆ, ಆದ್ದರಿಂದ ಮದುವೆ ಮಾಡುವಂತಿಲ್ಲ ಅಂದರು. ಕೊನೆಗೆ ಕನಿಕರ ಬಂದು, ಬೇರೆ ಧರ್ಮದವರನ್ನು ಮದುವೆಯಾಗಲು ಅನುಮತಿ ಕೇಳುವ ಅರ್ಜಿ ಕೊಟ್ಟರು. ಅದರಲ್ಲಿ "ನಿಮ್ಮ ಧರ್ಮ" ಎಂಬ ಕಡೆ ನಾನು ಕ್ಯಾಥೊಲಿಕ್ ಎಂದು ಬರೆದೆ. ಮತ್ತೇನು ಬರೆಯಲಿ? "ಹಾಗಿದ್ದರೆ ಈ ಅರ್ಜಿ ನಿಮಗಲ್ಲ" ಎಂದು ಹಿಂದಕ್ಕೆ ತೆಗೆದುಕೊಂಡರು.

ಮಾನ್ಯರೇ, ಇನ್ನೊಂದು ಸಂಗತಿ ತಮ್ಮ ಗಮನಕ್ಕೆ. ನಾನು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಟ್ಟೆ ಒಗೆಯುತ್ತೇನೆ. ಕಳೆದ ವರ್ಷ ಒಂದು ಮಗು ಹುಟ್ಟಿದಾಗ ಉಸಿರೇ ಸರಿಯಾಗಿ ಆಡಲಿಲ್ಲ. ಡಾಕ್ಟರು ಯಂತ್ರ ತರಿಸಲು ಓಡಿದರು. ತಾಯಿ ನನ್ನ ಸೆರಗು ಹಿಡಿದು, "ನೀನಾದರೂ ಜ್ಞಾನಸ್ನಾನ ಕೊಡು ತಾಯಿ" ಅಂದಳು. ಸೋಪಿನ ವಾಸನೆಯ ಕೈಯಲ್ಲೇ ಸ್ಟೀಲ್ ಲೋಟದಿಂದ ನೀರು ಹಾಕಿ, ಗುರುಗಳು ಹೇಳುವ ಮಾತುಗಳನ್ನೇ ಹೇಳಿದೆ. ಮಗು ಬದುಕಿತು, ಈಗ ಸಿಕ್ಕವರನ್ನೆಲ್ಲ ಕಚ್ಚುತ್ತದೆ. ಆ ಜ್ಞಾನಸ್ನಾನ ತಮ್ಮ ಪುಸ್ತಕದಲ್ಲಿ ಮೊಹರು ಸಮೇತ ಇದೆ. ಆಪತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು, ಕೊಡುವವರಿಗೆ ಆಗಿರಲೇಬೇಕೆಂದಿಲ್ಲ ಎಂದು ಗುಮಾಸ್ತರೇ ವಿವರಿಸಿದರು. ಎಂಥ ದೊಡ್ಡ ಮನಸ್ಸು! ಹಾಗಾದರೆ ನಾನು ದಾರಿ ತೋರಿಸುವ ಕೈಕಂಬವೇ? ಎಲ್ಲರನ್ನೂ ಊರಿಗೆ ಕಳಿಸಿ ನಾನು ಮಾತ್ರ ಕವಲಿನಲ್ಲಿ ನಿಂತಿರಬೇಕೇ?

ಚಿಕ್ಕಂದಿನಿಂದ ನಾನು ಹೇಳಿಕೊಂಡ ಪಾಪಗಳ ಗತಿ ಏನು? ಕ್ಷಮೆಯಾದವೋ, ಇಲ್ಲಾ ಎಲ್ಲೋ ಮೂಟೆ ಕಟ್ಟಿ ಇಟ್ಟಿದ್ದೀರೋ? ಅಕ್ಕನ ಚಪ್ಪಲಿ ಬಚ್ಚಿಟ್ಟ ಪಾಪ ಒಂದನ್ನೇ ನಾಲ್ಕು ಸಲ ಹೇಳಿದ್ದೇನೆ, ಗುರುಗಳಿಗೆ ಬಾಯಿಪಾಠ ಆಗಿರಬೇಕು. ಪ್ರತಿ ಶುಕ್ರವಾರ ಬಿಟ್ಟ ಊಟ, ಮಂಡಿ ಊರಿ ಊರಿ ಕಪ್ಪಾದ ಮಂಡಿ, ಇವೆಲ್ಲ ಯಾರದು? ಇಷ್ಟು ವರ್ಷ ನನ್ನೊಳಗೆ ಇದ್ದದ್ದು ಏನು ಎಂದು ರಾತ್ರಿ ಯೋಚಿಸಿದರೆ ನಗು ನಿಂತುಹೋಗುತ್ತದೆ.

ಜ್ಞಾನಸ್ನಾನ ಬೇಡ ಎಂದು ವಾದ ಮಾಡಲು ಬಂದವಳಲ್ಲ ನಾನು. "ಮನಸ್ಸಿದ್ದರೆ ಸಾಕು" ಎಂದು ಬೇಕಾದಷ್ಟು ಜನ ಹೇಳಿದರು. ಇರಬಹುದು. ಆದರೆ ಮನಸ್ಸಿರುವವಳು ಬಾಯಾರಿ ಬಾಗಿಲಲ್ಲಿ ನಿಂತಿರುವಾಗ, ನೀರು ಬೇಕೇ ಬೇಕು ಎಂದು ಉಪದೇಶ ಮಾಡುತ್ತಾ ಕೊಡವನ್ನು ಹಿಂದೆ ಮುಚ್ಚಿಟ್ಟುಕೊಳ್ಳುವುದು ಯಾವ ನ್ಯಾಯ? ಬೇಕೇ ಬೇಕು ಅನ್ನುವವರು ಕೊಡಲೇಬೇಕಲ್ಲವೇ?

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಹೇಳಿದರು, ಅನುಮಾನವಿದ್ದರೆ "ನಿನಗೆ ಇನ್ನೂ ಜ್ಞಾನಸ್ನಾನ ಆಗಿರದಿದ್ದರೆ" ಎಂದು ಮುಂದೆ ಸೇರಿಸಿ ಕೊಡುವ ಕ್ರಮ ಚರ್ಚಿನಲ್ಲೇ ಇದೆಯಂತೆ. ಅಷ್ಟೇ ನನ್ನ ಬೇಡಿಕೆ. ಆ ನಾಲ್ಕು ಮಾತು ಸೇರಿಸಲು ನಮ್ಮ ಗುರುಗಳಿಗೆ ಮದುವೆಯ ಶನಿವಾರದೊಳಗೆ ಒಂದು ಚೀಟಿ ಬರೆದು ಕಳಿಸಿ. ಆಗಿದ್ದರೆ ನಿಮಗೆ ನಷ್ಟ ಒಂದು ಬೊಗಸೆ ನೀರು. ಆಗಿರದಿದ್ದರೆ ನಿಮಗೆ ಲಾಭ ನಾನು.

ಇವತ್ತು ಬೆಳಿಗ್ಗೆ ತಲೆ ಬಾಚುವಾಗ, ಸದಾ ಹಣೆಯ ಮೇಲೆ ಬೀಳುತ್ತಿದ್ದ ಕೂದಲನ್ನೆಲ್ಲ ಎತ್ತಿ ಹಿಂದಕ್ಕೆ ಕ್ಲಿಪ್ ಹಾಕಿದೆ. ನೀರಿಗೆಂದು ಹಣೆ ಖಾಲಿ ಇದೆ.

ಇಂತಿ,
ತಮ್ಮ ಪುಸ್ತಕದಲ್ಲಿ ಒದ್ದೆಯಾಗಿ, ಪುಸ್ತಕದ ಹೊರಗೆ ಒಣಗಿ ನಿಂತಿರುವ
ಅವಳಿಗಳಲ್ಲಿ ಚಿಕ್ಕವಳು